ಕಣ್ಣಲ್ಲಿ ನೀರು, ರಿಪೇರಿ ಮೂಗಲ್ಲಿ

ಶಿರಸಿ ಕಡೆ ಯಾರದ್ದಾದರೂ ಕಣ್ಣು ಸದಾ ಒದ್ದೆಯಾಗಿದ್ದರೆ ಬಚ್ಚಲೊಲೆಯ ಹೊಗೆಯನ್ನು ಬೈಯುತ್ತಾರೆ. ಕಾರವಾರದಲ್ಲಾದರೆ ಸಮುದ್ರದ ಗಾಳಿಯನ್ನು. ಹೊಗೆಗೆ ಕಣ್ಣಲ್ಲಿ ನೀರು ಬರುವುದು ನಿಜವೇ, ಆದರೆ ಅದು ಒಂದೇ ಕಣ್ಣನ್ನು ಹುಡುಕಿಕೊಂಡು ಬರುವುದಿಲ್ಲ ಅಲ್ವಾ? ಒಲೆಯ ಹತ್ತಿರ ಸುಳಿಯದಿದ್ದಾಗಲೂ ಒಂದು ಕಣ್ಣು ಸೋರುತ್ತಿದ್ದರೆ, ಬೆಳಗ್ಗೆ ಏಳುವಾಗ ರೆಪ್ಪೆ ಗೀಜು ಕಟ್ಟಿ ಅಂಟಿಕೊಂಡಿದ್ದರೆ, ನೀರು ಇಳಿದುಹೋಗುವ ದಾರಿಯೇ ಕಟ್ಟಿರಬಹುದು.

ಕನ್ನಡಿ ಮುಂದೆ ನಿಂತು ಕೆಳರೆಪ್ಪೆಯನ್ನು ಮೂಗಿನ ಬದಿಯಲ್ಲಿ ಮೆಲ್ಲಗೆ ಎಳೆದು ನೋಡಿ. ಅಂಚಿನಲ್ಲಿ ಸೂಜಿಮೊನೆಯಷ್ಟು ತೂತು ಕಾಣುತ್ತದೆ. ಮೇಲಿನ ರೆಪ್ಪೆಯಲ್ಲೂ ಒಂದಿದೆ. ಕಣ್ಣೀರು ಇವುಗಳಲ್ಲಿ ಇಳಿದು, ಮೂಗಿನ ಪಕ್ಕದ ಪುಟ್ಟ ಚೀಲ ಸೇರಿ, ಅಲ್ಲಿಂದ ಎಲುಬಿನ ನಡುವಿನ ನಾಳದಲ್ಲಿ ಮೂಗಿಗೆ ಹೋಗುತ್ತದೆ. ಅತ್ತಾಗ ಮೂಗು ಸೋರುವುದು, ಕಣ್ಣಿಗೆ ಬಿಟ್ಟ ಔಷಧ ಗಂಟಲಲ್ಲಿ ಕಹಿಯಾಗುವುದು ಇದೇ ದಾರಿಯಿಂದ.

ಡಾಕ್ಟರು ಮೊಂಡು ಸೂಜಿಯಲ್ಲಿ ಆ ತೂತಿಗೆ ಉಪ್ಪುನೀರು ಬಿಟ್ಟು "ಗಂಟಲಿಗೆ ಬಂತಾ ಅಮ್ಮ?" ಅಂತ ಕೇಳುತ್ತಾರೆ. ಉಪ್ಪುಪ್ಪಾದರೆ ದಾರಿ ತೆರೆದಿದೆ. ಕಟ್ಟಿದ್ದರೆ ನೀರು ಮೇಲಿನ ತೂತಿನಿಂದ ವಾಪಸ್ ಬರುತ್ತದೆ, ಕೆಲವೊಮ್ಮೆ ಕೀವಿನ ಸಮೇತ. ಪೊರೆ ತೆಗೆಸಲು ಶಿಬಿರಕ್ಕೆ ಹೋದ ಅಜ್ಜಿಯಂದಿರನ್ನು ಕೆಲವೊಮ್ಮೆ ಆಪರೇಷನ್ ಮಾಡದೆ ಮನೆಗೆ ಕಳಿಸುವುದು ಇದಕ್ಕೇ. ಸುಮ್ನೆ ಸಿಟ್ಟಾಗಬೇಡಿ. ಚೀಲದಲ್ಲಿ ನಿಂತ ಸೋಂಕು ಕೊಯ್ದ ಕಣ್ಣಿನೊಳಗೆ ಹೊಕ್ಕರೆ ದೃಷ್ಟಿಯೇ ಹೋಗಬಹುದು.

ಹುಟ್ಟಿದ ಮಗುವಿನ ಮಾತು ಬೇರೆ. ನಾಳದ ತುದಿಯನ್ನು ಮುಚ್ಚಿದ ತೆಳು ಪೊರೆ ಹೆಚ್ಚಿನವರಲ್ಲಿ ವರ್ಷದೊಳಗೆ ತಾನೇ ಬಿಡುತ್ತದೆ, ಡಾಕ್ಟರು ಹೇಳಿಕೊಟ್ಟಂತೆ ಚೀಲದ ಮೇಲೆ ಒತ್ತಿ ಸವರಿದರೆ ಸಾಕು. ದೊಡ್ಡವರಲ್ಲಿ ಹಾಗಾಗುವುದಿಲ್ಲ. ನಡುವಯಸ್ಸು ದಾಟಿದ ಹೆಂಗಸರಿಗೆ ಇದು ಜಾಸ್ತಿ, ಪೂರ್ತಿ ಕಟ್ಟಿದ ನಾಳ ಬರೀ ಹನಿ ಔಷಧಕ್ಕೆ ಬಿಡುವುದಿಲ್ಲ.

ಕಟ್ಟಿದ ನಾಳವನ್ನು ಅಲ್ಲೇ ಬಿಟ್ಟು, ಚೀಲದಿಂದ ಮೂಗಿಗೆ ಹೊಸ ಬಾಗಿಲು ಮಾಡುವುದೇ ಆಪರೇಷನ್. 1904ರಲ್ಲಿ ಇಟಲಿಯ ಡಾಕ್ಟರ್ ಟೋಟಿ ಇದನ್ನು ಮುಖದ ಚರ್ಮ ಕೊಯ್ದು ಮಾಡಿದರು, ಆ ವಿಧಾನ ಇಂದಿಗೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮೂಗಿನೊಳಗಿಂದಲೇ ಹೋಗುವ ಪ್ರಯತ್ನ 1893ರಲ್ಲೇ ನಡೆದಿತ್ತು. ಆದರೆ ಆ ಕತ್ತಲ ಸಂದಿಯಲ್ಲಿ ಕಾಣಬೇಕಲ್ಲ! ಎಂಡೋಸ್ಕೋಪ್ ಬಂದ ಮೇಲೆ ದಾರಿ ಸುಲಭವಾಯಿತು. ಸುಮಾರು 4 ಮಿ.ಮೀ. ದಪ್ಪದ ದೀಪದ ಕೊಳವೆಯನ್ನು ಮೂಗಿಗೆ ತೂರಿಸಿ, ಟಿವಿ ಪರದೆ ನೋಡುತ್ತಾ, ಒಳಚರ್ಮ ಸರಿಸಿ, ಚೀಲಕ್ಕೆ ಅಡ್ಡ ಇರುವ ಎಲುಬನ್ನು ಚೂರುಚೂರೇ ಕಚ್ಚಿ ತೆಗೆದು, ಚೀಲವನ್ನು ಸೀಳಿ ಬಿಡುತ್ತಾರೆ. ಮುಖದ ಮೇಲೆ ಗಾಯದ ಗುರುತು ಇರುವುದಿಲ್ಲ. ಬಾಗಿಲು ಮತ್ತೆ ಮುಚ್ಚದಿರಲಿ ಅಂತ ಕೆಲವರಿಗೆ ದಾರದಂಥ ಸಿಲಿಕೋನ್ ಕೊಳವೆ ಹಾಕಿ ಕೆಲವು ವಾರಗಳ ನಂತರ ತೆಗೆಯುತ್ತಾರೆ.

ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಆಪರೇಷನ್ ಆದ ಮೇಲೆ ಕೆಲವು ದಿನ ಮೂಗು ಸೀಟುವಂತಿಲ್ಲ. ಗುಣವಾದ ಮೇಲೆ ಜೋರಾಗಿ ಸೀಟಿದರೆ ಕೆಲವರಿಗೆ ಕಣ್ಣಿನ ಮೂಲೆಯಲ್ಲಿ ಪುಸ್ಸೆಂದು ಗಾಳಿ ಬರುತ್ತದೆ. ಹೆದರಬೇಡಿ, ಹೊಸ ಬಾಗಿಲು ತೆರೆದಿದೆ ಅಂತ ಅಷ್ಟೆ.