ಕೌದಿಯ ನಡುಭಾಗ ಉಬ್ಬುವುದೇಕೆ?

ಪ್ರಶ್ನೆ: ಹಳೆಯ ಕಾಟನ್ ಸೀರೆಗಳನ್ನು ಚೌಕ, ತ್ರಿಕೋನಗಳಾಗಿ ಕತ್ತರಿಸಿ ಮಿಷನ್ನಿನಲ್ಲಿ ಜೋಡಿಸಿ ಮೇಲ್ಪದರ ಮಾಡಿಕೊಂಡೆ. ಆಮೇಲೆ ಅಂಚಿನಿಂದ ಒಳಕ್ಕೆ ಸುತ್ತುಸುತ್ತಾಗಿ ಕೈಹೊಲಿಗೆ ಹಾಕಿದೆ. ನಡುವೆ ಬಟ್ಟೆ ಉಬ್ಬಿ ನಿಂತಿದೆ. ಎಲ್ಲಿ ತಪ್ಪಿದ್ದು?

ಉತ್ತರ: ಹೊಲಿಗೆ ಎಲ್ಲಿಂದ ಶುರುವಾಯಿತೋ ಅಲ್ಲೇ ತಪ್ಪಿದೆ. ಬೇರೆ ಬೇರೆ ಎರಡು ಪದ್ಧತಿಗಳು ಇಲ್ಲಿ ಬೆರೆತಿವೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಅಂಚಿನಿಂದಲೇ ಒಳಕ್ಕೆ ಹೊಲಿಯುತ್ತಾರೆ, ನಿಜ. ಆದರೆ ಅವರ ಬಳಿ ಮೊದಲೇ ಜೋಡಿಸಿಟ್ಟ ಮೇಲ್ಪದರ ಇರುವುದಿಲ್ಲ. ಅಡಿಯಲ್ಲಿ ಸೀರೆ ಹಾಸಿ, ಮೂಲೆಯಿಂದ ಶುರುಮಾಡಿ, ಒಂದೊಂದೇ ತುಂಡಿನ ಅಂಚನ್ನು ಬೆರಳಲ್ಲಿ ಒಳಮಡಿಚುತ್ತಾ ಹೊಲಿದುಕೊಂಡು ಹೋಗುತ್ತಾರೆ. ನಡುವಿಗೆ ಬಂದಾಗ ಉಳಿದ ಜಾಗಕ್ಕೆ ಎಷ್ಟು ಬೇಕೋ ಅಷ್ಟೇ ಬಟ್ಟೆ ಇಡುತ್ತಾರೆ. ಹಾಗಾಗಿ ಅಲ್ಲಿ ಉಬ್ಬುವುದಕ್ಕೆ ಹೆಚ್ಚುವರಿ ಬಟ್ಟೆಯೇ ಇಲ್ಲ. ಮೂಲೆಗಳಿಗೆ ಮಡಿಚಿದ ತುಂಡುಗಳ ‘ಫುಲ’ (ಹೂವು) ಕೂರಿಸಿದ ಮೇಲೆಯೇ ಅವರ ಲೆಕ್ಕದಲ್ಲಿ ಕೌದಿ ಪೂರ್ತಿಯಾಗುವುದು. ಎಷ್ಟು ಜಾಣ ಪದ್ಧತಿ ಎಂಬುದು ಸೂಜಿ ಹಿಡಿದವರಿಗೇ ಗೊತ್ತಾಗುತ್ತದೆ.

ನಿಮ್ಮದು ಜೋಡಿಸಿದ ಮೇಲ್ಪದರ, ಅದರ ಅಳತೆ ಆಗಲೇ ನಿಗದಿಯಾಗಿದೆ. ಪ್ರತಿ ಹೊಲಿಗೆಯೂ ಮೇಲಿನ ಬಟ್ಟೆಯನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳುತ್ತದೆ. ನಾಲ್ಕೂ ಅಂಚು ಮೊದಲೇ ಮುಚ್ಚಿದರೆ ಹಾಗೆ ತಳ್ಳಿದ ಬಟ್ಟೆಯೆಲ್ಲ ನಡುವೆ ಬಂದು ಸೇರುತ್ತದೆ. ಆದ್ದರಿಂದ ಜೋಡಿಸಿದ ಪದರವಿದ್ದರೆ ನಡುವಿನಿಂದ ಹೊರಕ್ಕೆ, ತುಂಡು ಇಡುತ್ತಾ ಹೋಗುವುದಾದರೆ ಅಂಚಿನಿಂದ ಒಳಕ್ಕೆ.

ಕೈಹೊಲಿಗೆಗೆ ಮುನ್ನ ಕಚ್ಚಾ ಹೊಲಿಗೆ, ಅಂದರೆ ಆಮೇಲೆ ಬಿಚ್ಚಿ ತೆಗೆಯುವ ಉದ್ದುದ್ದ ಹೊಲಿಗೆ ಹಾಕಲೇಬೇಕು. ಅಡಿ ಸೀರೆಯನ್ನು ಉಲ್ಟಾ ಹಾಸಿ, ಸುಕ್ಕಿಲ್ಲದಂತೆ ಬಿಗಿಯಾಗಿ ಎಳೆದು, ಮೂಲೆಗಳಿಗೆ ಭಾರ ಇಡಿ. ಅದು ಮೇಲ್ಪದರಕ್ಕಿಂತ ಸುತ್ತಲೂ ಮೂರು ಇಂಚು ದೊಡ್ಡದಿರಲಿ. ಮಧ್ಯಕ್ಕೆ ಹಳೆಯ ಧೋತರ ಅಥವಾ ಸೀರೆಯ ಎರಡು ಪದರ ಸಾಕು, ಅದಕ್ಕಿಂತ ಹೆಚ್ಚಾದರೆ ಸೂಜಿ ಇಳಿಯುವುದು ಕಷ್ಟ. ಅದರ ಮೇಲೆ ಮೇಲ್ಪದರ ಹಾಸಿ, ನಟ್ಟನಡುವಿನಿಂದ ನಾಲ್ಕು ದಿಕ್ಕಿಗೂ, ಆಮೇಲೆ ಅಂಗೈ ಅಗಲಕ್ಕೊಂದು ಸಾಲಿನಂತೆ ಕಚ್ಚಾ ಹೊಲಿಗೆ ಹಾಕಿ.

ಉಬ್ಬಿಗೆ ಇನ್ನೊಂದು ಕಾರಣ ಅಳತೆಯಲ್ಲೂ ಇರಬಹುದು. 6 ಇಂಚಿನ ಚೌಕ ಬೇಕಾದರೆ 6½ ಇಂಚು ಕತ್ತರಿಸಿ, ಎಲ್ಲ ಕಡೆ ಕಾಲು ಇಂಚು ಬಿಟ್ಟು ಹೊಲಿಯಬೇಕು. ಚೌಕದ ಎರಡೂ ಬದಿಯಲ್ಲಿ 1/16 ಇಂಚು ಒಳಗೆ ಸರಿದರೂ 14 ಚೌಕಗಳ ಸಾಲು 1¾ ಇಂಚು ಗಿಡ್ಡವಾಗುತ್ತದೆ. ಗಿಡ್ಡ ಸಾಲಿಗೆ ಉದ್ದದ ಸಾಲನ್ನು ಎಳೆದು ಕೂಡಿಸಿದಾಗ ಉಬ್ಬು ಅಲ್ಲೇ ಹುಟ್ಟುತ್ತದೆ.

ತ್ರಿಕೋನಗಳಲ್ಲಿ ಈ ತೊಂದರೆ ಹೆಚ್ಚು, ಓರೆಯಾಗಿ ಕತ್ತರಿಸಿದ ಅಂಚು ಹಿಗ್ಗುತ್ತದಲ್ಲ. ಅದಕ್ಕೇ ಮೊದಲು ಹೊಲಿದು ಆಮೇಲೆ ಕತ್ತರಿಸಿ: 6⅞ ಇಂಚಿನ ಎರಡು ಚೌಕಗಳನ್ನು ಮುಖಕ್ಕೆ ಮುಖ ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಪಕ್ಕ ಕಾಲು ಇಂಚಿಗೆ ಹೊಲಿಗೆ ಹಾಕಿ, ಗೆರೆಯ ಮೇಲೆ ಕತ್ತರಿಸಿದರೆ ಎರಡೆರಡು ತ್ರಿಕೋನ ಕೂಡಿದ 6½ ಇಂಚಿನ ಎರಡು ಚೌಕಗಳು ಸಿಗುತ್ತವೆ. ಇಸ್ತ್ರಿಯನ್ನು ಒತ್ತಿ ಎತ್ತಬೇಕು. ಉಜ್ಜಿದರೆ ಆಕಾರ ಕೆಡುತ್ತದೆ.

ಈಗಿರುವ ಕೌದಿಯನ್ನು ಪೂರ್ತಿ ಬಿಚ್ಚುವ ಅಗತ್ಯವಿಲ್ಲ. ಉಬ್ಬು ಸಣ್ಣದಿದ್ದರೆ ನೀರು ಚಿಮುಕಿಸಿ ಬಿಸಿ ಇಸ್ತ್ರಿ ಒತ್ತಿ, ಕಾಟನ್ ಒಂದಿಷ್ಟು ಕುಗ್ಗಬಹುದು. ಬೆರಳಲ್ಲಿ ಹಿಡಿಯುವಷ್ಟಿದ್ದರೆ ಅಕ್ಕಪಕ್ಕದ ಎರಡು ಬದಿಗಳ ಕೈಹೊಲಿಗೆಯನ್ನು ಉಬ್ಬಿನವರೆಗೆ ಬಿಚ್ಚಿ, ಬಟ್ಟೆಯನ್ನು ಆ ಕಡೆಗೆ ಸವರಿ, ಕಚ್ಚಾ ಹಾಕಿ ಮತ್ತೆ ಹೊಲಿಯಿರಿ. ಅದಕ್ಕೂ ಜಗ್ಗದಿದ್ದರೆ ಉಬ್ಬಿನ ಹತ್ತಿರದ ಜೋಡು ಬಿಚ್ಚಿ, ಹೆಚ್ಚಿದ್ದನ್ನು ಒಂದರ ಮೇಲೊಂದು ಕೂರಿಸಿ, ಅಂಚು ಒಳಮಡಿಚಿದ ಹೊಸ ಚೌಕವೊಂದನ್ನು ಮೇಲಿಟ್ಟು ಹೊಲಿಯಿರಿ.