ಮಕ್ಕಳಿಗೆ ಮೊದಲು ಸೀಟಿ ಕೊಡಿ, ಚಾಕು ಆಮೇಲೆ

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ನನ್ನ ವಾಟ್ಸಾಪ್‌ಗೆ ಒಂದೇ ತರದ ಫೋಟೊಗಳು ಬರುತ್ತವೆ. ಆನ್‌ಲೈನಲ್ಲಿ ಮಾರುವ ‘ಸರ್ವೈವಲ್ ಕಿಟ್’. ಕಪ್ಪು ಡಬ್ಬಿಯೊಳಗೆ ದಿಕ್ಸೂಚಿ, ಮಡಚುವ ಚಾಕು, ಕಿಡಿ ಹಾರಿಸುವ ಕಡ್ಡಿ, ತಂತಿ ಗರಗಸ, ಮೀನಿನ ಗಾಳ. ಕೆಳಗೊಂದು ಪ್ರಶ್ನೆ: ‘ಸರ್, ಮಗನಿಗೆ ಆರು ವರ್ಷ. ದೇವರಾಯನದುರ್ಗಕ್ಕೆ ಹೋಗ್ತಿದೀವಿ. ಇದು ತಗೋಬಹುದಾ?’

ತಗೋಬೇಡಿ. ಆರು ವರ್ಷದ ಮಗು ದೇವರಾಯನದುರ್ಗದಲ್ಲಿ ಮೀನು ಹಿಡಿದು ಹೊಟ್ಟೆ ಹೊರೆಯುವ ಪ್ರಸಂಗ ಬರುವುದಿಲ್ಲ. ಬರುವ ತೊಂದರೆಗಳೇ ಬೇರೆ. ಅಲ್ಲೇ ಬೆಟ್ಟದ ಬುಡದ ನಾಮದ ಚಿಲುಮೆಯಲ್ಲಿ ಎಲ್ಲರೂ ಬುತ್ತಿ ಬಿಚ್ಚುವಷ್ಟರಲ್ಲಿ ಮಗು ಚಿಟ್ಟೆ ಹಿಂದೆ ನಾಲ್ಕು ಪೊದೆ ದಾಟಿರುತ್ತದೆ. ಮಧುಗಿರಿ ಬೆಟ್ಟದಲ್ಲಿ ಹನ್ನೊಂದು ಗಂಟೆಗೇ ಬಂಡೆ ಕಾದು, ಬಾಟಲಿ ಖಾಲಿಯಾಗಿರುತ್ತದೆ. ಸಿದ್ದರಬೆಟ್ಟ ಇಳಿಯುವಾಗ ಕತ್ತಲಾಗುತ್ತದೆ. 1478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಸೂರ್ಯೋದಯ ನೋಡಲು ಹೋದ ಮಕ್ಕಳು ಮಂಜಿನಲ್ಲಿ ನೆನೆದು ಗಡಗಡ ನಡುಗುತ್ತಿರುತ್ತಾರೆ.

ನಾನು ತುಮಕೂರಿನವನು. ಶಾಲೆ ಮಕ್ಕಳನ್ನು ಬೆಟ್ಟ, ಕೆರೆ, ಕಾಡು ಅಂತ ಸುತ್ತಿಸುವುದೇ ಕೆಲಸ. ಐದರಿಂದ ಹತ್ತು ವರ್ಷದವರು ಜಾಸ್ತಿ. ಈ ವಯಸ್ಸಿನವರಿಗೆ ಯಾವ ಸಾಮಾನು ಕೊಡಬೇಕು ಅಂದಾಗ ನಾನು ನೋಡುವುದು ಒಂದೇ. ದಾರಿ ತಪ್ಪಿದ ಮಗು ಇದ್ದಲ್ಲೇ ಇದ್ದು ನಮ್ಮ ಕೈಗೆ ಬೇಗ ಸಿಗಬೇಕು, ಅದಕ್ಕೆ ಈ ಸಾಮಾನು ಉಪಯೋಗಕ್ಕೆ ಬರುತ್ತದಾ? ದಿಕ್ಸೂಚಿ ಬರುವುದಿಲ್ಲ. ಅದು ಕೈಯಲ್ಲಿದ್ದರೆ ಮಗು ದಾರಿ ಹುಡುಕಿಕೊಂಡು ನಡೆಯಲು ಶುರು ಮಾಡುತ್ತದೆ. ನಡೆದಷ್ಟೂ ಹುಡುಕುವ ಜಾಗ ದೊಡ್ಡದಾಗುತ್ತದೆ.

1981ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಕಡೆಯ ಪಾಲೊಮಾರ್ ಬೆಟ್ಟದಲ್ಲಿ 9 ವರ್ಷದ ಹುಡುಗನೊಬ್ಬ ತಪ್ಪಿಸಿಕೊಂಡ. ದಿನಗಟ್ಟಲೆ ಹುಡುಕಿದರೂ ಜೀವಂತ ಸಿಗಲಿಲ್ಲ. ಆ ಹುಡುಕಾಟದಲ್ಲಿದ್ದವರು ಆಮೇಲೆ ಮಕ್ಕಳಿಗಾಗಿ ಒಂದು ಪಾಠ ಮಾಡಿದರು. ದಾರಿ ತಪ್ಪಿತು ಅನ್ನಿಸಿದ ತಕ್ಷಣ ಹತ್ತಿರದ ಮರ ತಬ್ಬಿಕೋ, ಅಲ್ಲೇ ಇರು. ಇವತ್ತಿಗೂ ಹಲವು ಕಡೆ ಇದನ್ನೇ ಹೇಳಿಕೊಡುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಜಾಲಿ ಮರ ತಬ್ಬಿಕೊಳ್ಳಲು ಆಗುವುದಿಲ್ಲ ಬಿಡಿ. ಅದಕ್ಕೇ ನಾನು ‘ಮರದ ಪಕ್ಕ ನಿಲ್ಲು’ ಅಂತೀನಿ. ಬುಡದಲ್ಲಿ ಹುತ್ತ ಇರಬಾರದು, ಮೇಲೆ ಹೆಜ್ಜೇನು ಕಟ್ಟಿರಬಾರದು, ದೂರದಿಂದ ಕಾಣುವ ಹಾಗಿರಬೇಕು. ಗುಹೆಯೊಳಗೆ, ಪೊದೆಯೊಳಗೆ ನುಗ್ಗಬಾರದು. ಎರಡು ಸಲ ಆಟ ಆಡಿಸಿದರೆ ಯುಕೆಜಿ ಮಗುವೂ ಸರಿಯಾದ ಮರ ಆರಿಸುತ್ತದೆ.

‘ಅಲ್ಲೇ ನಿಂತರೆ ಚಿರತೆ ಬಂದರೆ?’ ತುಮಕೂರಿನವರು ಹೀಗೆ ಕೇಳಿದರೆ ತಪ್ಪಲ್ಲ. 2019-20ರಲ್ಲಿ ಗುಬ್ಬಿ, ಕುಣಿಗಲ್ ಸುತ್ತ ಚಿರತೆ ದಾಳಿಗೆ ಜನ ಬಲಿಯಾದದ್ದು ಇನ್ನೂ ಮರೆತಿಲ್ಲ. ಕರಡಿಯೂ ನಮ್ಮ ಬೆಟ್ಟಗಳಲ್ಲಿ ಇದೆ. ಇದಕ್ಕೆ ಮಗುವಿನ ಬ್ಯಾಗಿನಲ್ಲಿ ಉತ್ತರ ಹುಡುಕಬೇಡಿ. ಉತ್ತರ ದೊಡ್ಡವರ ಕೈಯಲ್ಲಿದೆ. ಮಕ್ಕಳ ಜೊತೆ ನಸುಕಿನಲ್ಲಿ ಹತ್ತಬೇಡಿ, ನಾಲ್ಕು ಗಂಟೆಗೆ ಇಳಿದುಬಿಡಿ, ಮಾತಾಡುತ್ತಾ ಗಲಾಟೆ ಮಾಡುತ್ತಾ ನಡೆಯಿರಿ. ಕರಡಿ ಎದುರಾದಾಗ ಮೈಮೇಲೆ ಬೀಳುವುದು ಬಹಳ ಸಲ ಅದು ಬೆಚ್ಚಿದಾಗ. ಒಂಟಿಯಾದ ಮಗು ಸುಮ್ಮನೆ ಕೂತು ಅಳುವುದಕ್ಕಿಂತ ನಿಂತು ಜೋರು ಸದ್ದು ಮಾಡುವುದು ಎಷ್ಟೋ ಮೇಲು.

ಸದ್ದು ಅಂದರೆ ಸೀಟಿ. ಕೂಗಿ ಕೂಗಿ ಮಗುವಿನ ಗಂಟಲು ಸ್ವಲ್ಪ ಹೊತ್ತಿಗೇ ಕಟ್ಟಿಹೋಗುತ್ತದೆ. ಸೀಟಿ ಊದಲು ಉಸಿರಿದ್ದರೆ ಸಾಕು, ಅದರ ಸದ್ದು ಮಾತಿಗಿಂತ ದೂರ ಹೋಗುತ್ತದೆ. ಜಾತ್ರೆಯಲ್ಲಿ ಸಿಗುವುದರಲ್ಲಿ ಒಳಗೊಂದು ಗುಂಡು ಇರುತ್ತದೆ. ಎಂಜಲು, ಮಣ್ಣು ಸೇರಿದರೆ ಗುಂಡು ಸಿಕ್ಕಿಹಾಕಿಕೊಂಡು ಬರೀ ಗಾಳಿ ಬರುತ್ತದೆ. ಗುಂಡಿಲ್ಲದ ಪ್ಲಾಸ್ಟಿಕ್ ಸೀಟಿ ಕೊಳ್ಳಿ. ಆಟದ ಸಾಮಾನಿನ ಅಂಗಡಿಯಲ್ಲಿ ರೆಫರಿಗಳ ವಿಷಲ್ ಅಂತ ಕೇಳಿದರೆ ಕೊಡುತ್ತಾರೆ. ಬಣ್ಣ ಕಿತ್ತಳೆಯೋ ಹಳದಿಯೋ ಇರಲಿ. ಹಸಿರು ಸೀಟಿ ಹುಲ್ಲಿಗೆ ಬಿದ್ದರೆ ಮುಗಿಯಿತು.

ಅದನ್ನು ಎಲ್ಲಿ ಕಟ್ಟಬೇಕು ಅನ್ನುವುದರಲ್ಲೇ ಎಲ್ಲರೂ ಎಡವುತ್ತಾರೆ. ಕೊರಳಿಗೆ ದಾರ ಹಾಕಿ ತೂಗುಹಾಕಬೇಡಿ. ಮರ ಹತ್ತುವಾಗ, ಜಾರುಬಂಡೆ ಆಡುವಾಗ ದಾರ ಸಿಕ್ಕಿಕೊಂಡರೆ ಅದೇ ಉರುಳು. ಎಳೆದರೆ ಬಿಟ್ಟುಕೊಳ್ಳುವ ಕ್ಲಿಪ್ ಇರುವ ದಾರವಾದರೆ ಪರವಾಗಿಲ್ಲ. ಬ್ಯಾಗಿಗೂ ಕಟ್ಟಬೇಡಿ. ಮಕ್ಕಳು ತಪ್ಪಿಸಿಕೊಳ್ಳುವುದು ಯಾವಾಗ ಗೊತ್ತಾ? ಉಚ್ಚೆ ಹೊಯ್ಯಲು ಹೋದಾಗ, ಚೆಂಡಿನ ಹಿಂದೆ, ನಾಯಿಮರಿಯ ಹಿಂದೆ ಓಡಿದಾಗ. ಆಗ ಬ್ಯಾಗು ಅಮ್ಮನ ಪಕ್ಕದಲ್ಲಿ ಬಿದ್ದಿರುತ್ತದೆ. ಚಡ್ಡಿಯ ಬೆಲ್ಟ್ ಕುಣಿಕೆಗೆ ಗಿಡ್ಡ ದಾರದಲ್ಲಿ ಕಟ್ಟಿ, ಜೇಬಿನೊಳಗೆ ಇಳಿಬಿಡಿ.

ಮೊದಲ ದಿನ ಸೀಟಿ ಕೊಟ್ಟು ‘ಸುಮ್ನೆ ಊದಬೇಡ’ ಅನ್ನುವವರಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಉಲ್ಟಾ. ತೋಟಕ್ಕೆ ಕರೆದುಕೊಂಡು ಹೋಗಿ ಸಾಕುಸಾಕಾಗುವಷ್ಟು ಊದಿಸಿ. ಆಸೆ ತೀರದ ಮಗು ಬೆಟ್ಟದಲ್ಲಿ ಊದಿಯೇ ಊದುತ್ತದೆ. ಆಸೆ ತೀರಿದ ಮೇಲೆ ಪಾಠ. ಮೂರು ಸಲ ಉದ್ದಕ್ಕೆ ಊದು. ಎರಡೂ ಕೈ ಕಿವಿಯ ಹಿಂದೆ ಇಟ್ಟುಕೋ. ಹತ್ತು ಎಣಿಸು. ಮತ್ತೆ ಮೂರು. ಕೈ ಕಿವಿಗೆ ಹೋಗುವ ಈ ಆಟ ಇಲ್ಲದಿದ್ದರೆ ಮಕ್ಕಳು ನಿಲ್ಲಿಸದೆ ಊದುತ್ತಲೇ ಇರುತ್ತಾರೆ. ಹತ್ತು ಮಾರು ದೂರದಲ್ಲಿ ಅಪ್ಪ ಕೂಗಿದರೂ ಕೇಳಿಸುವುದಿಲ್ಲ. ಇನ್ನೊಂದು ನೋಡಿ, ಚಿಕ್ಕವರು ಸೀಟಿಯನ್ನು ಇಡೀ ಮುಷ್ಟಿಯಲ್ಲಿ ಹಿಡಿಯುತ್ತಾರೆ. ಗಾಳಿ ಬರುವ ತೂತಿನ ಮೇಲೇ ಬೆರಳು ಕೂತಿರುತ್ತದೆ. ಕೆನ್ನೆ ಉಬ್ಬಿಸಿ, ಮುಖ ಕೆಂಪಾದರೂ ‘ಪುಸ್’ ಅಂತ ಮಾತ್ರ ಬರುತ್ತದೆ. ಬೆರಳು ಎಲ್ಲಿರಬೇಕೋ ಅಲ್ಲಿಗೆ ಉಗುರು ಬಣ್ಣದ ಒಂದು ಚುಕ್ಕೆ ಇಟ್ಟುಕೊಡಿ, ಸರಿಹೋಗುತ್ತದೆ.

ಹೊರಡುವ ಮುಂಚೆ ದೊಡ್ಡವರು ಮಾಡಬೇಕಾದ್ದೂ ಒಂದಿದೆ. ಮಗುವನ್ನು ನಿಲ್ಲಿಸಿ ಫೋನಿನಲ್ಲಿ ತಲೆಯಿಂದ ಕಾಲಿನವರೆಗೆ ಒಂದು ಫೋಟೊ, ಶೂ ಅಡಿಭಾಗದ್ದು ಇನ್ನೊಂದು. ಗಾಬರಿಯಲ್ಲಿ ‘ಯಾವ ಬಣ್ಣದ ಟೀಶರ್ಟ್?’ ಅಂದರೆ ಹೆತ್ತವರಿಗೇ ನೆನಪಾಗುವುದಿಲ್ಲ. ಮಣ್ಣಿನಲ್ಲಿ ಹೆಜ್ಜೆ ಕಂಡರೆ ಶೂ ಗುರುತು ಹೋಲಿಸಬಹುದು. ಫೋಟೊ ಕೈಯಲ್ಲಿಟ್ಟುಕೊಂಡು 112ಕ್ಕೆ ಕರೆ ಮಾಡಿದರೆ ಹೇಳುವ ವಿವರವೂ ಸರಿಯಿರುತ್ತದೆ. ಕಾಡಿಗೆ ಹೋಗುವಾಗ ಮಿಲಿಟರಿ ಡಿಸೈನಿನ ಬಟ್ಟೆ ಹಾಕಿಸುವುದು ಈಗ ಫ್ಯಾಷನ್. ಹಾಕಿಕೊಂಡವರು ಕಣ್ಣಿಗೆ ಬೀಳದಿರಲಿ ಅಂತಲೇ ಮಾಡಿದ ಬಟ್ಟೆ ಅದು, ಕಳೆದುಹೋಗಬಹುದಾದ ಮಗುವಿಗೆ ಯಾಕೆ?

ನೀರಿನ ವಿಷಯ ಬೇಗ ಮುಗಿಸುತ್ತೇನೆ. ಬಾಟಲಿಯ ಮುಚ್ಚಳವನ್ನು ಮಗು ತಾನೇ ತೆಗೆದು, ತಾನೇ ಹಾಕಬೇಕು. ಮನೆಯಲ್ಲೇ ಪರೀಕ್ಷೆ ಮಾಡಿ. ಹೊಸ ಸ್ಟೀಲ್ ಬಾಟಲಿ ತುಂಬಾ ಮಕ್ಕಳಿಗೆ ತೆಗೆಯಲು ಬರುವುದಿಲ್ಲ. ಒಂದು ಓಆರ್‌ಎಸ್ ಪೊಟ್ಟಣ ನಿಮ್ಮ ಹತ್ತಿರ ಇರಲಿ. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿರುತ್ತದೋ ಅಷ್ಟಕ್ಕೇ ಕಲಸಿ, ಒಂದು ಲೋಟಕ್ಕೆ ಪೂರ್ತಿ ಸುರಿಯಬೇಡಿ. ಬೆಟ್ಟದ ದೊಣೆಗಳಲ್ಲಿ, ಅಂದರೆ ಬಂಡೆಯ ಗುಂಡಿಗಳಲ್ಲಿ, ನೀರು ತಿಳಿಯಾಗಿ ಕಂಡರೂ ಮಕ್ಕಳಿಗೆ ಕುಡಿಸಬೇಡಿ. ಕೋತಿಯಿಂದ ಹಿಡಿದು ಎಲ್ಲವೂ ಅಲ್ಲೇ ಕುಡಿಯುವುದು, ಅಲ್ಲೇ ತೊಳೆಯುವುದು. ದೊಣೆಯ ಅಂಚಿನ ಪಾಚಿ ಇನ್ನೂ ಅಪಾಯ.

ಟಾರ್ಚು ಮಕ್ಕಳಿಗೆ ಪ್ರಾಣ. ಇಲ್ಲೊಂದು ಎಚ್ಚರಿಕೆ. ಗುಂಡಿಯಷ್ಟು ಚಿಕ್ಕ ಸೆಲ್ ಹಾಕಿದ ಕೀಚೈನ್ ಟಾರ್ಚು, ಮಿನುಗುವ ಉಂಗುರದ ಲೈಟು ಕೊಡಲೇಬೇಡಿ. ಆ ಸೆಲ್ ನುಂಗಿದರೆ ಅನ್ನನಾಳ ಸುಡಲು ಎರಡು ಗಂಟೆ ಸಾಕು. ನುಂಗಿರಬಹುದು ಅಂತ ಬರೀ ಅನುಮಾನ ಬಂದರೂ ಕಾಯಬಾರದು, ನೇರ ಆಸ್ಪತ್ರೆಗೆ ಓಡಬೇಕು. ತಲೆಗೆ ಕಟ್ಟುವ ಟಾರ್ಚು, ಸ್ಕ್ರೂ ಹಾಕಿದ ಮುಚ್ಚಳ, ಒಳಗೆ ಪೆನ್ಸಿಲ್ ಸೆಲ್ ಇರುವುದು ಒಳ್ಳೆಯದು. ಎರಡೂ ಕೈ ಖಾಲಿ ಇರುತ್ತದೆ, ಬಿದ್ದರೆ ಊರಿಕೊಳ್ಳಬಹುದು.

ಇದರ ಪಾಠ ಮನೆಯಲ್ಲಿ ಕರೆಂಟು ಹೋದಾಗ ಮಾಡಿ. ನಮ್ಮ ಕಡೆ ಅದಕ್ಕೇನೂ ಬರ ಇಲ್ಲ ಅಲ್ವಾ? ಟಾರ್ಚನ್ನು ಒಂದೇ ಜಾಗದಲ್ಲಿ ಇಡಿ, ಕತ್ತಲೆಯಲ್ಲಿ ತಡಕಿ ಹುಡುಕಲಿ. ಬೆಳಕು ಎಲ್ಲಿ ಬಿಡಬೇಕು ಅಂತ ಕೇಳಿ. ಮಕ್ಕಳು ಮೊದಲು ಆಕಾಶಕ್ಕೆ ಬಿಡುತ್ತಾರೆ, ಆಮೇಲೆ ಅಣ್ಣನ ಕಣ್ಣಿಗೆ. ಬೆಳಕು ಕಾಲಿನ ಮುಂದೆ ಎರಡು ಹೆಜ್ಜೆ ದೂರದಲ್ಲಿ ಬೀಳಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ ಎಲ್ಲವೂ ಇರುವ ಸೀಮೆ ನಮ್ಮದು. ಕಟ್ಟುಹಾವು ಓಡಾಡುವುದೇ ರಾತ್ರಿ. ಅಂದಹಾಗೆ, ಹಾವು ಕಚ್ಚಿದರೆ ಕೊಯ್ಯಲು ಬ್ಲೇಡು, ಬಿಗಿಯಲು ಹಗ್ಗ ಅಂತ ಕಿಟ್‌ನಲ್ಲಿ ಇನ್ನೂ ಇಡುವವರಿದ್ದಾರೆ. ಎರಡನ್ನೂ ಎಸೆಯಿರಿ. ಕೊಯ್ಯಬಾರದು, ಬಿಗಿಯಬಾರದು. ಕಚ್ಚಿದ ಕೈಕಾಲು ಅಲ್ಲಾಡಿಸದೆ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋಗಬೇಕು, ಅಷ್ಟೇ.

ಮಳೆ, ಚಳಿಗೆ ದೊಡ್ಡ ಕಸದ ಚೀಲದಂಥ ದಪ್ಪ ಪ್ಲಾಸ್ಟಿಕ್ ಚೀಲ ಸಾಕು. ಹಳದಿ ಸಿಕ್ಕರೆ ಒಳ್ಳೆಯದು. ಹೊಲದಲ್ಲಿ ಅಜ್ಜಂದಿರು ಗೋಣಿಚೀಲದ ಮೂಲೆ ಮಡಚಿ ಕೊಪ್ಪೆ ಹಾಕಿಕೊಳ್ಳುತ್ತಿದ್ದರಲ್ಲ, ಕೆಲಸ ಅದೇ. ಮುಖ, ಕೈ ಬರುವಲ್ಲಿ ಮನೆಯಲ್ಲೇ ದೊಡ್ಡದಾಗಿ ಕತ್ತರಿಸಿ ಇಡಿ. ಕತ್ತರಿಸದ ಚೀಲ ಮಗುವಿನ ಕೈಗೆ ಕೊಡಬೇಡಿ, ತಲೆಗೆ ಹಾಕಿಕೊಂಡರೆ ಉಸಿರು ಕಟ್ಟುತ್ತದೆ. ಚಿಕ್ಕ ಮೈ ಬೇಗ ತಣ್ಣಗಾಗುತ್ತದೆ, ಒದ್ದೆಯಾದರೆ ಇನ್ನೂ ಬೇಗ. ಒಂದು ಜೊತೆ ಒಣ ಬಟ್ಟೆ ಇದ್ದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು.

ಚಾಕು, ಬೆಂಕಿ ಬೇಡವೇ ಬೇಡ ಅನ್ನುವವನು ನಾನಲ್ಲ. ಬೆಟ್ಟದಲ್ಲಿ ಬೇಡ, ಮನೆಯಲ್ಲಿ ಶುರುವಾಗಲಿ. ಏಳೆಂಟು ವರ್ಷಕ್ಕೆ ಸೌತೆಕಾಯಿ ಸಿಪ್ಪೆ ತೆಗೆಯುವ ಪೀಲರ್ ಕೊಡಿ, ಆಮೇಲೆ ಚಿಕ್ಕ ಚಾಕು. ಕೂತೇ ಕೆಲಸ ಮಾಡಬೇಕು. ಕೈ ಚಾಚಿ ಸುತ್ತ ತಿರುಗಿಸಿದಾಗ ಯಾರಿಗೂ ತಾಗಬಾರದು. ಅಲಗು ಮೈಯಿಂದ ಆಚೆಗೆ ಹೋಗಬೇಕು. ಕೈಯಿಂದ ಕೈಗೆ ಕೊಡುವ ಹಾಗಿಲ್ಲ, ನೆಲದ ಮೇಲೆ ಇಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬೇಕು.

ಬೆಂಕಿಗೆ ನೀರೊಲೆಯಷ್ಟು ಒಳ್ಳೆ ಶಾಲೆ ಇಲ್ಲ. ತುಮಕೂರಿನ ಹಳ್ಳಿಗಳಲ್ಲಿ ಹಂಡೆ ಒಲೆ ಇನ್ನೂ ಉರಿಯುತ್ತದೆ, ತೆಂಗಿನ ಸೌದೆಗೂ ಕೊರತೆ ಇಲ್ಲ. ಮೊದಲು ನಾರು, ಆಮೇಲೆ ಒಣ ಗರಿ, ಆಮೇಲೆ ಕರಟ, ಕೊನೆಗೆ ಮಟ್ಟೆ. ಈ ಕ್ರಮ ತಪ್ಪಿದರೆ ಹೊಗೆ ಬರುತ್ತದೆ, ಉರಿ ಬರುವುದಿಲ್ಲ. ಮಗುವಿಗೆ ತಾನೇ ಗೊತ್ತಾಗುತ್ತದೆ. ಕಡ್ಡಿ ಗೀರುವಾಗ ನೀವು ಪಕ್ಕದಲ್ಲಿ ಕೂತಿರಿ, ಒಂದು ಚೊಂಬು ನೀರು ಇಟ್ಟುಕೊಂಡಿರಿ, ನೈಲಾನ್ ಬಟ್ಟೆ ಬೇಡ. ಕಾಡಿಗೆ ಮಾತ್ರ ಬೆಂಕಿಪೊಟ್ಟಣ ಒಯ್ಯುವಂತಿಲ್ಲ. ಕಾಯ್ದಿಟ್ಟ ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. ಶಿವರಾತ್ರಿ ಹೊತ್ತಿಗೆ ದೇವರಾಯನದುರ್ಗದ ಹುಲ್ಲು ಹೇಗೆ ಒಣಗಿರುತ್ತದೆ ಅಂತ ನೋಡಿದವರಿಗೆ ಕಾಯ್ದೆ ಹೇಳಬೇಕಾಗಿಯೂ ಇಲ್ಲ.

ಕೊನೆಯದು ಹಗ್ಗ. ಯಾವ ಆನ್‌ಲೈನ್ ಕಿಟ್‌ನಲ್ಲೂ ಇದನ್ನು ನಮಗೆ ಬೇಕಾದ ಹಾಗೆ ಕೊಡುವುದಿಲ್ಲ. ಸ್ಕೌಟ್ಸ್-ಗೈಡ್ಸ್‌ನ ಕಬ್, ಬುಲ್‌ಬುಲ್ ಅನ್ನುವ ಚಿಕ್ಕವರ ಗುಂಪಿನ ಮಕ್ಕಳು ಗಂಟು ಕಲಿಯುತ್ತಾರೆ, ಬಹಳ ಒಳ್ಳೆಯದು. ಎಳೆದಷ್ಟೂ ಬಿಗಿಯಾಗುವ ಜೀರುಗುಣಿಕೆ ಮೈಗೆ, ಕೊರಳಿಗೆ ಹಾಕಬಾರದು ಅನ್ನುವುದು ಮೊದಲ ಪಾಠವಾಗಲಿ. ಆದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಮಕ್ಕಳಿಗೆ ಹಗ್ಗ ಬೇಕಾಗುವುದು ಬೆಟ್ಟಕ್ಕಿಂತ ಹೊಲದಲ್ಲಿ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಊರೂರಲ್ಲಿ ಮಳೆ ನೀರು ಹಿಡಿದಿಡುವ ಕೃಷಿ ಹೊಂಡ ಆದವು. ಬೆಳೆಗೆ ಒಳ್ಳೆಯದೇ. ಆದರೆ ಎಷ್ಟೋ ಹೊಂಡ ಸುಮಾರು 3 ಮೀಟರ್ ಆಳ, ಇಳಿಜಾರಿನ ಗೋಡೆ, ಮೇಲೆ ಪ್ಲಾಸ್ಟಿಕ್ ಹಾಳೆ. ಹಾಳೆ ನೆನೆದರೆ ಈಜು ಬಲ್ಲ ದೊಡ್ಡವರಿಗೂ ಕಾಲು ಊರುವುದಿಲ್ಲ. ಒಂದು ಮಗು ಬಿದ್ದರೆ ಎತ್ತಲು ಇನ್ನೊಂದು ಇಳಿಯುತ್ತದೆ. ಎರಡೂ ಹೋಗುತ್ತವೆ.

ಐದು ಲೀಟರಿನ ಖಾಲಿ ಎಣ್ಣೆ ಕ್ಯಾನು ತಗೊಳ್ಳಿ. ಒಳಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿ ಮಾಡಿ. ಆ ಭಾರ ಇಲ್ಲದಿದ್ದರೆ ಗಾಳಿಗೆ ಹಾರಿ ಎಲ್ಲೋ ಬೀಳುತ್ತದೆ. ಹಿಡಿಕೆಗೆ ಹತ್ತು ಹದಿನೈದು ಮೀಟರ್ ನೈಲಾನ್ ಹಗ್ಗ, ಹಗ್ಗದ ಇನ್ನೊಂದು ತುದಿ ದಂಡೆಯ ಕಲ್ಲುಕಂಬಕ್ಕೆ. ಮಕ್ಕಳಿಗೆ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಒಂದು ಹೊಂಡ ಬರೆದು ಎಸೆಯುವುದು ಕಲಿಸಿ. ಬಿದ್ದವರ ತಲೆಗಲ್ಲ, ಅವರನ್ನು ದಾಟಿ ಆಚೆ ಬೀಳುವ ಹಾಗೆ ಎಸೆದು, ಹಗ್ಗ ಅವರ ಕೈಗೆ ಸಿಗುವಂತೆ ಎಳೆಯಬೇಕು. ಮೊದಲು ಕೂಗು, ಆಮೇಲೆ ಎಸೆತ, ಯಾವ ಕಾರಣಕ್ಕೂ ನೀರಿಗೆ ಇಳಿಯುವ ಹಾಗಿಲ್ಲ. ಎಳೆದು ದಡಕ್ಕೆ ತರುವುದು ಕಂಬಕ್ಕೆ ಕಟ್ಟಿದ ಹಗ್ಗ ಮತ್ತು ಓಡಿಬರುವ ದೊಡ್ಡವರ ಕೆಲಸ. ಹೊಂಡ ನಿಮ್ಮದೇ ಆದರೆ ನಾಲ್ಕೂ ಕಡೆ ಒಂದೊಂದು ಗಂಟುಹಾಕಿದ ಹಗ್ಗ ನೀರಿನವರೆಗೆ ಇಳಿಬಿಡಿ, ಸುತ್ತ ಬೇಲಿ ಹಾಕಿಸಿ. ತಿಂಗಳಿಗೊಮ್ಮೆ ಕ್ಯಾನು ನೋಡಿ. ಬಿಸಿಲಿಗೆ ಅದು ಬಿರುಕು ಬಿಡುತ್ತದೆ, ಹಗ್ಗವನ್ನು ಇಲಿ ಕಡಿಯುತ್ತದೆ, ಇಲ್ಲವೇ ಯಾರಾದರೂ ಎಮ್ಮೆ ಕಟ್ಟಲು ಬಿಚ್ಚಿಕೊಂಡು ಹೋಗಿರುತ್ತಾರೆ.