ಹೊಸ ಬಣ್ಣ, ಹಳೆಯ ಸಾಲ

ಮುಳುಗುತ್ತಿರುವ ರೆಸ್ಟೋರೆಂಟ್‌ಗಳನ್ನು ಎತ್ತಿ ನಿಲ್ಲಿಸುವ ಅಮೆರಿಕದ ಟಿವಿ ಕಾರ್ಯಕ್ರಮ ‘ರೆಸ್ಟೋರೆಂಟ್: ಇಂಪಾಸಿಬಲ್’ನಲ್ಲಿ ಬಾಣಸಿಗ ರಾಬರ್ಟ್ ಇರ್ವಿನ್‌ಗೆ ಸಿಗುತ್ತಿದ್ದದ್ದು 2 ದಿನ, 10,000 ಡಾಲರ್. ಗೋಡೆಗೆ ಬಣ್ಣ, ಹೊಸ ಕುರ್ಚಿ, ಹೊಸ ಮೆನು, ಮಾಲೀಕರ ಕಣ್ಣೀರು, ಎಲ್ಲವೂ ಅಷ್ಟರೊಳಗೇ ಮುಗಿಯಬೇಕು. 2007ರಲ್ಲಿ ಫಾಕ್ಸ್ ವಾಹಿನಿಯಲ್ಲಿ ಶುರುವಾದ, ಬ್ರಿಟಿಷ್ ಬಾಣಸಿಗ ಗಾರ್ಡನ್ ರಾಮ್ಸೆಯ ‘ಕಿಚನ್ ನೈಟ್‌ಮೇರ್ಸ್’ ಕೂಡ ಇದೇ ಜಾಡಿನದು. ಹೀಗೆ ‘ಬದುಕಿಸಿದ’ ಎಷ್ಟೋ ರೆಸ್ಟೋರೆಂಟ್‌ಗಳಿಗೆ ಆಮೇಲೆ ಬೀಗ ಬಿದ್ದಿದೆ.

ಇದಕ್ಕೆ ರಾಮ್ಸೆಯನ್ನು ಬೈದು ಫಲವಿಲ್ಲ. ಒಹಾಯೋದ ಕೊಲಂಬಸ್ ನಗರದಲ್ಲಿ 1996ರಿಂದ 1999ರವರೆಗಿನ ದಾಖಲೆ ಹಿಡಿದು ಸಂಶೋಧಕ ಎಚ್. ಜಿ. ಪಾರ್ಸಾ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಮೊದಲ ವರ್ಷದಲ್ಲೇ ಸುಮಾರು 26%, ಮೂರು ವರ್ಷದೊಳಗೆ ಸುಮಾರು 60% ರೆಸ್ಟೋರೆಂಟ್‌ಗಳು ಮುಚ್ಚಿದ್ದವು ಇಲ್ಲವೇ ಕೈ ಬದಲಾಯಿಸಿದ್ದವು. ಇದು ಊರಿನ ಎಲ್ಲ ಬಗೆಯ ರೆಸ್ಟೋರೆಂಟ್‌ಗಳ ಗತಿ. ಟಿವಿಯವರು ಆರಿಸುವುದೋ, ಅವುಗಳಲ್ಲೂ ಕೊನೆಯುಸಿರು ಎಳೆಯುತ್ತಿರುವುದನ್ನು. ಅಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದು ಯಾರ ನೆರವೂ ಸಿಗದ ರೆಸ್ಟೋರೆಂಟ್‌ಗಳ ಜೊತೆ ಹೋಲಿಸದೆ ಕಾರ್ಯಕ್ರಮ ಗೆದ್ದಿತೋ ಸೋತಿತೋ ಹೇಳಲಾಗದು.

ಇನ್ನು ಗಲ್ಲಾಪೆಟ್ಟಿಗೆಗೆ ಬರೋಣ. ಬಾಡಿಗೆ, ವಿಮೆ, ಕಾಯಂ ಸಂಬಳ ಸೇರಿ ತಿಂಗಳಿಗೆ 30,000 ಡಾಲರ್ ಖರ್ಚು ಎಂದಿಟ್ಟುಕೊಳ್ಳಿ. ವ್ಯಾಪಾರವಾಗಲಿ ಬಿಡಲಿ, ಇದನ್ನು ಕಟ್ಟಲೇಬೇಕು. ದಿನಸಿ, ಗಂಟೆ ಲೆಕ್ಕದ ಕೂಲಿ, ಕಾರ್ಡ್ ಕಮಿಷನ್ನಿಗೆ ಪ್ರತಿ ಡಾಲರ್ ಮಾರಾಟದಲ್ಲಿ 60 ಸೆಂಟ್ ಹೋಗುತ್ತದೆ. ಉಳಿಯುವುದು 40. ಹಾಗಾಗಿ ಅಸಲು ಹುಟ್ಟಬೇಕಾದರೇ 75,000 ಡಾಲರ್ ವ್ಯಾಪಾರ ಆಗಬೇಕು. ಇದರ ಮೇಲೆ 5,000 ಡಾಲರ್ ಸಾಲದ ಕಂತು ಬಂದರೆ ಗುರಿ 87,500ಕ್ಕೆ ಏರುತ್ತದೆ. ಹೊಸ ಪರದೆ ಹಾಕಿದರೆ ಈ ಸಂಖ್ಯೆಯಲ್ಲಿ ಒಂದು ಸೆಂಟೂ ಇಳಿಯುವುದಿಲ್ಲ. ಅಷ್ಟರಲ್ಲಿ ಸರಕು ಹಾಕುವವರು ಉದ್ದರಿ ನಿಲ್ಲಿಸಿ ಕೈಗೆ ಕಾಸು ಕೇಳುತ್ತಿರುತ್ತಾರೆ.

ಮೆನು ಮೊಟಕು ಮಾಡುವುದು ಮಾತ್ರ ನಿಜಕ್ಕೂ ಒಳ್ಳೆಯ ಮದ್ದು. ಫ್ರಿಜ್ಜಿನಲ್ಲಿ ಕೊಳೆಯುವುದು ತಪ್ಪುತ್ತದೆ. ಆದರೆ ತಕ್ಕಡಿ ಬಳಸದಿದ್ದರೆ ಆ ಲಾಭವೂ ಉಳಿಯದು. 170 ಗ್ರಾಂ ಮಾಂಸ ಹಾಕಬೇಕಾದ ಕಡೆ ಕೈಯಂದಾಜಿನಲ್ಲಿ 220 ಗ್ರಾಂ ಬಿತ್ತೆನ್ನಿ. ಕಿಲೋಗೆ 10 ಡಾಲರ್‌ನಂತೆ ತಟ್ಟೆಗೆ 50 ಸೆಂಟ್ ಸೋರಿಕೆ. ದಿನಕ್ಕೆ 80 ತಟ್ಟೆ, ತಿಂಗಳಿಗೆ 25 ದಿನ ಅಂದರೆ 1,000 ಡಾಲರ್. ಅದನ್ನು ತುಂಬಿಕೊಳ್ಳಲು ಇನ್ನೂ 2,500 ಡಾಲರ್ ವ್ಯಾಪಾರ ಬೇಕು. ಕ್ಯಾಮೆರಾ ಹೋದ ಮೇಲೆ ತೂಗುವವರಾರು? ಹಳೇ ಗಿರಾಕಿ ಕೇಳಿದನೆಂದು ಕೈಬಿಟ್ಟ ತಿಂಡಿಗಳೂ ಒಂದೊಂದಾಗಿ ಮೆನುವಿಗೆ ಮರಳುತ್ತವೆ.

ಕಾರ್ಯಕ್ರಮ ಟಿವಿಯಲ್ಲಿ ಪ್ರಸಾರವಾದಾಗ ಜನ ನುಗ್ಗುವುದೂ ಒಂದು ಪೇಚು. ಇಬ್ಬರೇ ಇರುವ ಅಡುಗೆಮನೆಯಲ್ಲಿ ಆರ್ಡರ್ ಚೀಟಿ ಸಾಲುಗಟ್ಟುತ್ತವೆ, ಊಟ ತಡವಾಗುತ್ತದೆ, ಕುತೂಹಲಕ್ಕೆ ಬಂದವರು ಮತ್ತೆ ಬರುವುದಿಲ್ಲ.

ಬ್ಯಾಂಕಿನವರ ಎದುರು ಕೂತು ಸಾಲದ ಅವಧಿ ಹಿಗ್ಗಿಸಿ, ಕಂತನ್ನು 5,000ದಿಂದ 3,000ಕ್ಕೆ ಇಳಿಸಿಕೊಂಡರೆ ತಿಂಗಳ ಗುರಿ 5,000 ಡಾಲರ್ ಇಳಿಯುತ್ತದೆ. ಆ ಮಾತುಕತೆಯನ್ನು ಟಿವಿಯಲ್ಲಿ ಕೂತು ನೋಡುವವರು ಯಾರೂ ಇಲ್ಲ, ಹಾಗಾಗಿ ಚಿತ್ರೀಕರಿಸುವವರೂ ಇಲ್ಲ.